ಹಳೆಯ ನುಡಿ ಫೈಲುಗಳು ಹೊಸ ಲ್ಯಾಪ್‌ಟಾಪಿನಲ್ಲಿ ಯಾಕೆ ಓದಲಾಗುತ್ತಿಲ್ಲ? ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಇತಿಹಾಸ, ಮನೆತನಗಳ ಪಟ್ಟಿ, ಕೆರೆ-ಗದ್ದೆಗಳ ವಿವರ ಇವನ್ನೆಲ್ಲ 2004ರಿಂದ 2011ರವರೆಗೆ ನುಡಿ ತಂತ್ರಾಂಶ ಬಳಸಿ ವರ್ಡ್‌ನಲ್ಲಿ ಟೈಪ್ ಮಾಡಿಟ್ಟಿದ್ದೆ. ಸುಮಾರು 140 ಪುಟ, 18 ಫೈಲು. ಆ ಕಂಪ್ಯೂಟರ್ ಕೆಟ್ಟುಹೋಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್ ಇದೆ. ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಡಾಕ್‌ಎಕ್ಸ್, ಓಡಿಟಿ, ಪಿಡಿಎಫ್ ಎಲ್ಲದರಲ್ಲೂ ಸೇವ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಅಮೆರಿಕದಲ್ಲಿರುವ ಮಗ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಅದೇ ಕಥೆ. ಇದನ್ನು ಪುಸ್ತಕ ಮಾಡಿಸಬೇಕೆಂದಿದ್ದೇನೆ. ಮತ್ತೆ ಮೊದಲಿನಿಂದ ಟೈಪ್ ಮಾಡಬೇಕೆ?
– ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ಮತ್ತೆ ಟೈಪ್ ಮಾಡುವ ಅಗತ್ಯ ಇಲ್ಲ. ನೀವು ಬರೆದದ್ದು ಫೈಲಿನೊಳಗೆ ಹಾಗೇ ಇದೆ. ಅದನ್ನು ಕನ್ನಡವಾಗಿ ತೋರಿಸುತ್ತಿದ್ದ ಫಾಂಟ್ ಮಾತ್ರ ಹಳೆಯ ಕಂಪ್ಯೂಟರಿನ ಜೊತೆ ಹೋಗಿದೆ. ಆದರೆ ಇನ್ನು ಮುಂದೆ ಆ ಫೈಲುಗಳನ್ನು ತೆರೆದು ಸೇವ್ ಒತ್ತುವುದನ್ನು ನಿಲ್ಲಿಸಿ. 2011ರವರೆಗಿನ ಡಾಕ್ ಫೈಲು 18ನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ಆ ಫೋಲ್ಡರಿಗೆ ‘ಮೂಲ, ಮುಟ್ಟಬಾರದು’ ಎಂದು ಹೆಸರಿಟ್ಟು ಪಕ್ಕಕ್ಕಿಡಿ. ಈಚೆಗೆ ಪ್ರಯೋಗಕ್ಕೆಂದು ಸೇವ್ ಮಾಡಿದ ಡಾಕ್‌ಎಕ್ಸ್, ಓಡಿಟಿ ಪ್ರತಿಗಳನ್ನು ಬಳಸಬೇಡಿ. ಕೆಲಸವೆಲ್ಲ ಮೂಲದ ನಕಲಿನ ಮೇಲೆಯೇ ನಡೆಯಲಿ.

ಸೇವ್ ಆ್ಯಸ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಎಂದರೆ, ಡಾಕ್, ಡಾಕ್‌ಎಕ್ಸ್, ಓಡಿಟಿ ಎಂಬುವು ಬರೀ ಪಾತ್ರೆಗಳು. ವರ್ಡ್ 97ರಿಂದ 2003ರವರೆಗೆ ಡಾಕ್ ನಡೆಯಿತು, 2007ರಲ್ಲಿ ಡಾಕ್‌ಎಕ್ಸ್ ಬಂತು, ಲಿಬ್ರೆಆಫೀಸಿನ ಸ್ವಂತ ಪಾತ್ರೆ ಓಡಿಟಿ. ಒಂದರಿಂದ ಇನ್ನೊಂದಕ್ಕೆ ಸುರಿದರೆ ದಪ್ಪಕ್ಷರ, ಪುಟದ ಅಂಚು, ಟೇಬಲ್ಲು ಇವುಗಳ ಲೆಕ್ಕ ಬೇರೆ ರೀತಿಯಲ್ಲಿ ಬರೆದುಕೊಳ್ಳುತ್ತದೆಯೇ ಹೊರತು ಒಳಗಿನ ಅಕ್ಷರಸಂಕೇತ ಬದಲಾಗುವುದಿಲ್ಲ. ನಿಮ್ಮ ತೊಂದರೆ ಇರುವುದು ಆ ಸಂಕೇತದಲ್ಲಿ.

ಹಳೆಯ ನುಡಿ ಮತ್ತು ಅಂಥದ್ದೇ ಇನ್ನೊಂದು ತಂತ್ರಾಂಶವಾದ ‘ಬರಹ’ದ ಫಾಂಟುಗಳು ಕನ್ನಡದ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಮತ್ತು ಪಶ್ಚಿಮ ಯೂರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಮುದ್ರಣಕ್ಕೆ ಪುಟ ಜೋಡಿಸುವ ಡಿಟಿಪಿಯವರು ‘ಆಸ್ಕಿ ನುಡಿ’ ಎನ್ನುವುದು ಇದನ್ನೇ. ‘ಕನ್ನಡ’ ಎಂಬ ಪದ ನಿಮ್ಮ ಫೈಲಿನಲ್ಲಿ 7 ಚಿಹ್ನೆಗಳಾಗಿ ಕೂತಿದೆ: ಇಂಗ್ಲಿಷಿನ ದೊಡ್ಡ ಪಿ (ತಲೆಕಟ್ಟಿಲ್ಲದ ಕ), ನೆತ್ತಿಯ ಮೇಲೆ ಓರೆಗೆರೆ ಇರುವ ದೊಡ್ಡ ಎ (ತಲೆಕಟ್ಟು), ಪೌಂಡ್ ಚಿಹ್ನೆ £ (ತಲೆಕಟ್ಟಿಲ್ಲದ ನ), ಮತ್ತೆ ತಲೆಕಟ್ಟು, ಜರ್ಮನ್ ಭಾಷೆಯ ಜೋಡಿ ಎಸ್ (ನ ಒತ್ತು), ಸಣ್ಣ ಕ್ಯೂ (ತಲೆಕಟ್ಟಿಲ್ಲದ ಡ), ಕೊನೆಗೆ ಮತ್ತೊಂದು ತಲೆಕಟ್ಟು. ನುಡಿ ಫಾಂಟ್ ಇದ್ದರೆ ಈ ಏಳೂ ಸೇರಿ ‘ಕನ್ನಡ’ ಆಗುತ್ತವೆ, ಇಲ್ಲದಿದ್ದರೆ ಏಳು ಪರದೇಶಿ ಅಕ್ಷರಗಳು. ಯೂನಿಕೋಡಿನಲ್ಲಿ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿಯಲ್ಲಿ, ಅದೇ ಪದ 5 ಸಂಕೇತ: ಕ, ನ, ಹಲಂತ, ನ, ಡ. ಇಲ್ಲಿ ಕ ಎಂದರೆ ಯಾವ ಫಾಂಟಿನಲ್ಲೂ, ಯಾವ ಫೋನಿನಲ್ಲೂ ಕ.

ಈ ತುಂಡುಗಳ ಲೆಕ್ಕ ಸ್ವಲ್ಪ ಗೊತ್ತಿದ್ದರೆ ಮುಂದೆ ತಪ್ಪು ಹಿಡಿಯುವುದು ಸುಲಭ. ಆಸ್ಕಿ ನುಡಿಯಲ್ಲಿ ‘ಮ’ಕ್ಕೆ ಸ್ವಂತ ಜಾಗವಿಲ್ಲ; ‘ವ’ಕ್ಕೆ ಕೊಂಬು ಕೊಟ್ಟು ಮ ಮಾಡಿದ್ದಾರೆ. ಹಾಗಾಗಿ ‘ವು’ ಬರೆಯಲು ಬೇರೆಯೇ ಒಂದು ಕೊಂಬು ಬೇಕಾಯಿತು. ಸೊನ್ನೆಗೆ (ಅನುಸ್ವಾರಕ್ಕೆ) ದೊಡ್ಡ ಎ ಇದೆ, ‘ಯ’ ಅಕ್ಷರ ಶುರುವಾಗುವುದೂ ಅದೇ ದೊಡ್ಡ ಎ ಇಂದ. ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರ ಮುಗಿದ ಮೇಲೆ ಕೂತಿರುತ್ತದೆ; ಯೂನಿಕೋಡಿನಲ್ಲಿ ಅದು ಉಚ್ಚಾರದಂತೆ ಮೊದಲು ಬರಬೇಕು. ಈ ಹಿಂದೆ-ಮುಂದೆಯನ್ನು ಸರಿಮಾಡದ ಪರಿವರ್ತಕಕ್ಕೆ (ಆಸ್ಕಿಯನ್ನು ಯೂನಿಕೋಡ್ ಮಾಡುವ ತಂತ್ರಾಂಶಕ್ಕೆ) ಹಾಕಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ. ಅಂತರ್ಜಾಲದಲ್ಲಿ ‘ಕನಾರ್ಟಕ’ ಎಂದು ಕಂಡರೆ ಬರೆದವರಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಬೇಡಿ, ಅದು ಸಾಮಾನ್ಯವಾಗಿ ಪರಿವರ್ತಕದ ಕೈಗುಣ.

ಮೊದಲು ರೋಗ ಯಾವುದೆಂದು ನೋಡಿ

ಕಲಸುಮೇಲೋಗರದ ಒಂದು ಪದದ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಿ. ‘ನುಡಿ 01 ಇ’, ‘ನುಡಿ 05 ಇ’ ಅಥವಾ ‘ಬಿಆರ್‌ಎಚ್ ಕನ್ನಡ’ ಎಂಬಂಥ ಹೆಸರಿದ್ದರೆ ಅದು ಆಸ್ಕಿ. ಕಂಪ್ಯೂಟರಿನಲ್ಲಿ ಇಲ್ಲದ ಫಾಂಟಿನ ಹೆಸರನ್ನು ಲಿಬ್ರೆಆಫೀಸ್ ಓರೆ ಅಕ್ಷರದಲ್ಲಿ ತೋರಿಸುತ್ತದೆ. ಇಂಗ್ಲಿಷ್ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಅದು ಯೂನಿಕೋಡ್ ಕನ್ನಡ, ಫಾಂಟ್ ಮಾತ್ರ ಇಲ್ಲ. ನೋಟೊ ಸ್ಯಾನ್ಸ್ ಕನ್ನಡದಂಥ ಯಾವುದಾದರೂ ಕನ್ನಡ ಫಾಂಟ್ ಹಾಕಿದರೆ ಸಾಕು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಕೈಚೆಲ್ಲಬೇಕು: ಯಾರೋ ಯೂನಿಕೋಡ್ ಕನ್ನಡವನ್ನು ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಸಂಕೇತ) ಎಂದು ಸೇವ್ ಮಾಡಿರುತ್ತಾರೆ. ಅಲ್ಲಿ ಪ್ರತಿ ಅಕ್ಷರದ ಜಾಗದಲ್ಲೂ ನಿಜವಾಗಿಯೇ ಪ್ರಶ್ನಾರ್ಥಕ ಚಿಹ್ನೆ ಬರೆದುಹೋಗಿರುವುದರಿಂದ ಯಾವ ತಂತ್ರಾಂಶವೂ ಅದನ್ನು ವಾಪಸು ತರಲಾರದು. ನಿಮ್ಮದು ಮೊದಲನೆಯ ಬಗೆ.

ಒಂದು ತಪ್ಪು ಮಾತ್ರ ಮಾಡಬೇಡಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಫಾಂಟನ್ನು ಏರಿಯಲ್ಲೋ ತುಂಗಾವೋ ಮಾಡಿ ಸೇವ್ ಮಾಡಿದರೆ, ಯಾವುದು ನುಡಿಯಲ್ಲಿದ್ದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬ ಗುರುತೇ ಅಳಿಸಿಹೋಗುತ್ತದೆ. ಫೈಲಿನಲ್ಲಿ ಆ ವ್ಯತ್ಯಾಸ ಹೇಳುವುದು ಫಾಂಟಿನ ಹೆಸರೊಂದೇ.

ಓದುವಂತೆ ಮಾಡಿ, ನಂತರ ಬದಲಾಯಿಸಿ

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ. ಅದನ್ನು ಹಾಕಿಕೊಂಡರೆ ಹಳೆಯ ಫಾಂಟುಗಳೂ ಬರುತ್ತವೆ. ಲಿಬ್ರೆಆಫೀಸನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. 18 ಫೈಲೂ ಕನ್ನಡದಲ್ಲಿ ಕಾಣಬೇಕು. ಕಂಡ ಕೂಡಲೇ ಪ್ರತಿಯೊಂದನ್ನೂ ಫೈಲ್ → ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಮೂಲಕ ಪಿಡಿಎಫ್ ಮಾಡಿಡಿ. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಳ್ಳುವುದರಿಂದ ನಿಮ್ಮ ಮಗ ಇವತ್ತೇ ಇದನ್ನು ಫೋನಿನಲ್ಲಿ ಓದಬಹುದು. ಮುಂದೆ ಕರಡು ತಿದ್ದುವಾಗ ಹೋಲಿಸಿ ನೋಡಲು ನಿಮಗೂ ಇದೇ ಆಧಾರ ಪ್ರತಿ. ಬರೀ ಓದುವುದಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಪುಸ್ತಕ ಮಾಡುವುದಾದರೆ ಹುಡುಕಬೇಕು, ಮನೆತನಗಳ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಬೇಕು. ಆಸ್ಕಿಯಲ್ಲಿ ಅದು ಇಂಗ್ಲಿಷ್ ಸಂಕೇತಗಳ ಕ್ರಮದಲ್ಲಿ ಜೋಡಣೆಯಾಗುತ್ತದೆ, ಕಖಗಘದ ಕ್ರಮದಲ್ಲಿ ಅಲ್ಲ.

ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ನುಡಿ, ಬರಹ ಎರಡರ ಜೊತೆಗೂ ಬರುತ್ತದೆ, ಅಂತರ್ಜಾಲದಲ್ಲೂ ಇವೆ. ಯಾವುದನ್ನು ಬಳಸಿದರೂ ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಪುಟದಲ್ಲಿ ನುಡಿ 01 ಇ ಫಾಂಟಿನಲ್ಲಿ ಈ ಪದಗಳನ್ನು ಟೈಪ್ ಮಾಡಿ: ಕರ್ನಾಟಕ, ಸೂರ್ಯ, ಸ್ವಾತಂತ್ರ್ಯ, ರ‍್ಯಾಂಕ್, ಕೃಷ್ಣ, ಜ್ಞಾನ, ಮಾವು, ಪುಟ, ಯೋಗ, ಸಂಯಮ, ಕೋಟೆ. ಇದನ್ನು ಪರಿವರ್ತಿಸಿ ಒಂದೊಂದಾಗಿ ನೋಡಿ. ಅರ್ಕಾವತ್ತು, ಮ-ವು ಗೊಂದಲ, ಸೊನ್ನೆ-ಯ ಗೊಂದಲ, ಎರಡು ಒತ್ತು, ದೀರ್ಘ ಎಲ್ಲವೂ ಇಷ್ಟರಲ್ಲಿ ಬಂದುಹೋಗುತ್ತವೆ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಬೇರೆ ಪರಿವರ್ತಕ ಹುಡುಕಿ, ತಿದ್ದುತ್ತ ಕೂರಬೇಡಿ. ನಿಮ್ಮ ಫೈಲು ಶ್ರೀಲಿಪಿಯಂಥ ಬೇರೆ ತಂತ್ರಾಂಶದ್ದಾಗಿದ್ದರೆ ನುಡಿಯ ಪರಿವರ್ತಕ ನಡೆಯುವುದಿಲ್ಲ. ಅವುಗಳ ಸಂಕೇತಪಟ್ಟಿಯೇ ಬೇರೆ.

ನಿಜವಾದ ಕಿರಿಕಿರಿ ಇರುವುದು ಮಿಶ್ರ ಪುಟಗಳಲ್ಲಿ. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಸಂಕೇತ ಮಾತ್ರ ಕಾಣುತ್ತದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಬರೆದ ಇಂಗ್ಲಿಷ್ ಹೆಸರನ್ನೂ ಅದು ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಗದ್ದೆಗಳ ವಿವರ ಇದೆ ಎಂದಿದ್ದೀರಲ್ಲ, ಅಲ್ಲಿ ಇನ್ನೂ ಒಂದು ಹೊಂಚು ಇದೆ. ವರ್ಡ್ ತಾನಾಗಿಯೇ ಅರೆಯನ್ನು ½ ಎಂಬ ಒಂದೇ ಚಿಹ್ನೆ ಮಾಡುತ್ತದೆ. ಆಸ್ಕಿ ನುಡಿಯಲ್ಲಿ ಆ ½ರ ಜಾಗದಲ್ಲಿ ಕೂತಿರುವುದು ‘ಳಿ’. ಹಾಗಾಗಿ ‘5½ ಎಕರೆ’ ಪರಿವರ್ತನೆಯ ನಂತರ ‘5ಳಿ ಎಕರೆ’ ಆಗುತ್ತದೆ. ಡಿಗ್ರಿ ಚಿಹ್ನೆ ‘ಲಿ’ ಆಗುತ್ತದೆ, © ‘ಬಿ’ ಆಗುತ್ತದೆ. ಅಕ್ಷರ ತಪ್ಪಾದರೆ ಓದುವವರಿಗೆ ತಿಳಿಯುತ್ತದೆ. ಜಮೀನಿನ ಅಳತೆಯಲ್ಲಿ ಅರೆ ಎಕರೆ ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಪರಿವರ್ತಿಸುವ ಮುಂಚೆ ಇಂಗ್ಲಿಷ್ ಭಾಗಗಳನ್ನು ಗುರುತು ಮಾಡಿಕೊಳ್ಳಿ. ಲಿಬ್ರೆಆಫೀಸಿನಲ್ಲಿ ಕಂಟ್ರೋಲ್+ಎಚ್ ಒತ್ತಿ, ಅದರ್ ಆಪ್ಷನ್ಸ್ ತೆರೆದು, ಹುಡುಕುವ ಜಾಗವನ್ನು ಖಾಲಿ ಬಿಟ್ಟು, ಫಾರ್ಮ್ಯಾಟ್ ಗುಂಡಿಯಲ್ಲಿ ಟೈಮ್ಸ್ ನ್ಯೂ ರೋಮನ್ (ಅಥವಾ ನೀವು ಇಂಗ್ಲಿಷಿಗೆ ಬಳಸಿದ ಫಾಂಟ್) ಆರಿಸಿ, ಫೈಂಡ್ ಆಲ್ ಕೊಡಿ. ಆ ಫಾಂಟಿನಲ್ಲಿರುವುದೆಲ್ಲ ಒಟ್ಟಿಗೆ ಸೆಲೆಕ್ಟ್ ಆಗುತ್ತದೆ. ಹಾಗೇ ಹಳದಿ ಬಣ್ಣ ಬಳಿಯಿರಿ. ಹಳದಿ ಪದಗಳು ನಲವತ್ತೋ ಐವತ್ತೋ ಇದ್ದರೆ ಒಂದೊಂದರ ಜಾಗದಲ್ಲಿ 9001, 9002 ಎಂದು ಅಂಕಿ ಹಾಕಿ, ಯಾವ ಅಂಕಿಗೆ ಯಾವ ಪದ ಎಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಂಕಿ ಪರಿವರ್ತನೆಯಲ್ಲಿ ಕೆಡುವುದಿಲ್ಲ, ಹೆಚ್ಚೆಂದರೆ ಕನ್ನಡ ಅಂಕಿಯಾಗಬಹುದು. ½ ಇರುವಲ್ಲೆಲ್ಲ ‘ಅರೆ’ ಎಂದು ಅಕ್ಷರದಲ್ಲೇ ಬರೆದುಬಿಡಿ. ಊರಿನ ಪುಸ್ತಕಕ್ಕೆ ‘ಐದೂವರೆ ಎಕರೆ’ ಎಂದಿದ್ದರೆ ಓದಲೂ ಚೆಂದ.

ಆಮೇಲೆ ಒಂದೊಂದು ಫೈಲಾಗಿ ಕಂಟ್ರೋಲ್+ಎ ಒತ್ತಿ ಕಾಪಿ ಮಾಡಿ, ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಹೊಸ ಖಾಲಿ ಓಡಿಟಿ ಫೈಲಿಗೆ ಪೇಸ್ಟ್ ಮಾಡಿ. ಹೀಗೆ ಬಂದ ಪಠ್ಯದಲ್ಲಿ ದಪ್ಪಕ್ಷರ, ಶೀರ್ಷಿಕೆಯ ಗಾತ್ರ ಎಲ್ಲ ಹೋಗಿರುತ್ತದೆ. ಇದನ್ನು ನಷ್ಟವೆಂದು ಭಾವಿಸಬೇಡಿ. ಎಷ್ಟೋ ವರ್ಷಗಳ ಹಳೆಯ ಸ್ಪೇಸ್‌ಬಾರ್ ಜೋಡಣೆಯಿಂದ ಬಿಡುಗಡೆ ಸಿಕ್ಕಿತೆಂದೇ ಎಣಿಸಬೇಕು. ಅಡಿಟಿಪ್ಪಣಿ, ಪುಟದ ನೆತ್ತಿಯ ಸಾಲು, ಟೆಕ್ಸ್ಟ್ ಬಾಕ್ಸಿನೊಳಗಿನ ಬರಹ ಇವು ಕಂಟ್ರೋಲ್+ಎಗೆ ಸಿಗುವುದಿಲ್ಲ, ಪ್ರತ್ಯೇಕ ಕಾಪಿ ಮಾಡಬೇಕು. ಮನೆತನಗಳ ಟೇಬಲ್ಲನ್ನು ಪಠ್ಯವಾಗಿ ಪೇಸ್ಟ್ ಮಾಡಿದಾಗ ಕಾಲಮ್ಮುಗಳ ನಡುವೆ ಟ್ಯಾಬ್ ಉಳಿದಿದ್ದರೆ, ಟೇಬಲ್ ಮೆನುವಿನ ಕನ್ವರ್ಟ್ → ಟೆಕ್ಸ್ಟ್ ಟು ಟೇಬಲ್ ಕೊಟ್ಟು ಮತ್ತೆ ಟೇಬಲ್ಲು ಮಾಡಿಕೊಳ್ಳಬಹುದು.

ಪರಿವರ್ತನೆಯ ನಂತರ ಕಣ್ಣು ಎಲ್ಲಿರಬೇಕು? ಚುಕ್ಕಿಗಳ ವೃತ್ತ ಕಂಡರೆ, ಅಲ್ಲಿ ಗುಣಿತದ ಚಿಹ್ನೆಗೆ ಅಕ್ಷರವೇ ಇಲ್ಲ ಎಂದರ್ಥ. ಮೂಲದಲ್ಲೇ ಬೆರಳು ತಪ್ಪಿರುತ್ತದೆ. ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿ ೦ ಬಂದಿದೆಯೇ ನೋಡಿ. ‘ಸಂಘ’ ಮತ್ತು ‘ಸ೦ಘ’ ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಕನ್ನಡ ಅಂಕಿಗಳನ್ನು ಬಳಸದ ಬರಹವಾದರೆ ೦ ಎಂಬುದನ್ನೆಲ್ಲ ಒಂದೇ ಬಾರಿ ಂ ಆಗಿ ರಿಪ್ಲೇಸ್ ಮಾಡಬಹುದು, ಬಳಸಿದ್ದರೆ ಒಂದೊಂದಾಗಿ. ಹಾಗೆಯೇ ‘ಕೊ’ ಎಂಬುದು ಒಂದೇ ಓತ್ವದ ಚಿಹ್ನೆಯಾಗಿಯೂ ಇರಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡೂ ಸೇರಿಯೂ ಇರಬಹುದು. ಎರಡೂ ಒಂದೇ ರೀತಿ ಕಾಣುತ್ತವೆ. ನೀವು ‘ಕೊಪ್ಪ’ ಎಂದು ಹುಡುಕಿದಾಗ ಕಣ್ಣೆದುರಿಗಿರುವ ‘ಕೊಪ್ಪ’ ಸಿಗದಿದ್ದರೆ ಕಾರಣ ಇದು. ‘ರ‍್ಯಾಂಕ್’, ‘ರಾಜ್‌ಕುಮಾರ್’ ಇಂಥ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಿಸುವ-ಬಿಡಿಸುವ ಸಂಕೇತಗಳಿರುತ್ತವೆ. ಅವು ಬಿದ್ದುಹೋದರೆ ‘ರ್ಯಾಂಕ್’, ‘ರಾಜ್ಕುಮಾರ್’ ಆಗುತ್ತದೆ. ಕೊನೆಯದಾಗಿ, ಉಳಿದುಕೊಂಡ ಇಂಗ್ಲಿಷ್ ಅಕ್ಷರಗಳು. ಕಂಟ್ರೋಲ್+ಎಚ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ಸ್ ಆಯ್ಕೆ ಹಾಕಿ, ಚೌಕ ಆವರಣದೊಳಗೆ ಇಂಗ್ಲಿಷಿನ ಎ, ಅಡ್ಡಗೆರೆ, ಝಡ್ ಬರೆದು ಫೈಂಡ್ ಆಲ್ ಕೊಟ್ಟರೆ ಪರಿವರ್ತಕಕ್ಕೆ ಅರ್ಥವಾಗದೆ ಬಿಟ್ಟ ಇಂಗ್ಲಿಷ್ ಅಕ್ಷರಗಳೆಲ್ಲ ಒಮ್ಮೆಗೇ ಕಾಣುತ್ತವೆ.

ಫಾಂಟು ಮತ್ತು ಗಾತ್ರ: ಲಿಬ್ರೆಆಫೀಸ್–ವರ್ಡ್ ನಡುವಿನ ಜಗಳ

ಈಗ ಯೂನಿಕೋಡ್ ಫೈಲು ಕೈಯಲ್ಲಿದೆ. ವರ್ಡ್ ಮತ್ತು ಲಿಬ್ರೆಆಫೀಸ್ ಎರಡೂ ಒಂದೊಂದು ಪದಕ್ಕೂ ಎರಡು ಬೇರೆ ಬೇರೆ ಫಾಂಟ್ ಲೆಕ್ಕ ಇಟ್ಟುಕೊಳ್ಳುತ್ತವೆ: ಇಂಗ್ಲಿಷಿನಂಥ ಲಿಪಿಗೆ ಒಂದು, ಕನ್ನಡದಂಥ ಸಂಯುಕ್ತ ಲಿಪಿಗೆ ಇನ್ನೊಂದು. ಗಾತ್ರ, ದಪ್ಪ ಕೂಡ ಎರಡೆರಡು. ಇಲ್ಲಿ 14 ಎಂದು ಇಟ್ಟದ್ದು ಅಲ್ಲಿ ತೆರೆದಾಗ 12 ಆಗುವುದು, ಶೀರ್ಷಿಕೆಯ ಇಂಗ್ಲಿಷ್ ದಪ್ಪಗಿದ್ದು ಕನ್ನಡ ತೆಳ್ಳಗಾಗುವುದು ಇದರಿಂದಲೇ. ಲಿಬ್ರೆಆಫೀಸಿನಲ್ಲಿ ಟೂಲ್ಸ್ → ಆಪ್ಷನ್ಸ್‌ನ ಭಾಷೆಗಳ ಪುಟಕ್ಕೆ ಹೋಗಿ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರಿನ ಚೌಕಕ್ಕೆ ಗುರುತು ಹಾಕಿ ಕನ್ನಡ ಆರಿಸಿ. ಅನೇಕ ಕಂಪ್ಯೂಟರುಗಳಲ್ಲಿ ಅಲ್ಲಿ ಹಿಂದಿ, ಫಾಂಟಿನ ಜಾಗದಲ್ಲಿ ಲೋಹಿತ್ ದೇವನಾಗರಿ ಕೂತಿರುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆದರೂ ಕನ್ನಡ ಕಾಣುತ್ತದೆ, ಏಕೆಂದರೆ ಸಿಕ್ಕಿದ ಯಾವುದೋ ಕನ್ನಡ ಫಾಂಟನ್ನು ಅದು ಎರವಲು ತರುತ್ತದೆ. ನಿಮ್ಮಲ್ಲಿ ಒಂದು, ಮಗನಲ್ಲಿ ಇನ್ನೊಂದು ಎರವಲಾದರೆ ಪುಟಗಳ ಸಂಖ್ಯೆಯೇ ಬೇರೆಯಾಗುತ್ತದೆ.

ಹಾಗಾಗಿ ಪದಗಳನ್ನು ಒಂದೊಂದಾಗಿ ಸಿಂಗರಿಸಬೇಡಿ. ಎಫ್11 ಒತ್ತಿ ಸ್ಟೈಲ್ಸ್ ತೆರೆದು, ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಎರಡೂ ಜಾಗಕ್ಕೆ ಒಂದೇ ಯೂನಿಕೋಡ್ ಫಾಂಟ್, ಒಂದೇ ಗಾತ್ರ ಕೊಡಿ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಉಪಶೀರ್ಷಿಕೆಗೆ ಹೆಡಿಂಗ್ 2. ಫಾಂಟ್ ಆರಿಸುವಾಗ ಎಲ್ಲೆಡೆ ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡದಂಥದ್ದು ಒಳ್ಳೆಯದು. ಅದು ಗೂಗಲ್ ಡಾಕ್ಸ್‌ನಲ್ಲೂ ಇದೆ. ವಿಂಡೋಸ್‌ನ ಹಳೆಯ ತುಂಗಾವನ್ನು ನೆಚ್ಚಬೇಡಿ, ವಿಂಡೋಸ್ 10ರಿಂದ ಅದು ಐಚ್ಛಿಕ ಸೌಲಭ್ಯದ ಪಟ್ಟಿಗೆ ಹೋಗಿದೆ. ಅದಿಲ್ಲದ ಕಡೆ ನಿರ್ಮಲಾ ಯುಐ ಬಂದು ಸಾಲುಗಳ ಅಂತರ ಬದಲಾಗುತ್ತದೆ.

ಯಾವುದರಲ್ಲಿ ಉಳಿಸಬೇಕು

ನೀವು ಕೆಲಸ ಮಾಡುವುದು ಲಿಬ್ರೆಆಫೀಸಿನಲ್ಲಿ, ಹಾಗಾಗಿ ಮೂಲಪ್ರತಿ ಓಡಿಟಿಯಲ್ಲೇ ಇರಲಿ. ಡಾಕ್‌ಎಕ್ಸ್ ಬೇಕೆಂದವರಿಗೆ ಫೈಲ್ → ಸೇವ್ ಎ ಕಾಪಿ ಮೂಲಕ ಒಂದು ನಕಲು ತೆಗೆದು ಕಳಿಸಿ. ಅವರು ತಿದ್ದಿದ ಡಾಕ್‌ಎಕ್ಸ್ ಅನ್ನು ವಾಪಸು ತಂದು ಮೂಲ ಎಂದು ಇಟ್ಟುಕೊಳ್ಳಬೇಡಿ, ತಿದ್ದುಪಡಿಗಳನ್ನು ಮಾತ್ರ ನಿಮ್ಮ ಓಡಿಟಿಗೆ ಇಳಿಸಿ. ಒಮ್ಮೆ ದಾಟಿದರೆ ಪಠ್ಯಕ್ಕೇನೂ ಆಗದು. ಪದೇ ಪದೇ ಅತ್ತಿತ್ತ ಓಡಾಡಿದರೆ ಟೆಕ್ಸ್ಟ್ ಬಾಕ್ಸು ಜಾಗ ಬಿಡುತ್ತದೆ, ಸಂಖ್ಯೆ ಹಾಕಿದ ಪಟ್ಟಿ ಮತ್ತೆ 1ರಿಂದ ಶುರುವಾಗುತ್ತದೆ, ಟೇಬಲ್ಲಿನೊಳಗಿನ ಟೇಬಲ್ಲು ಚಪ್ಪಟೆಯಾಗುತ್ತದೆ. ಹಳೆಯ ಡಾಕ್ ರೂಪದಲ್ಲಿ ಇನ್ನು ಏನನ್ನೂ ಸೇವ್ ಮಾಡಬೇಡಿ.

ಮಗನಿಗೆ ಹೇಳಿ: ಡಾಕ್‌ಎಕ್ಸ್ ಅಪ್‌ಲೋಡ್ ಮಾಡಿದಾಗ ಗೂಗಲ್ ಡಾಕ್ಸ್ ಅದನ್ನು ಡಾಕ್‌ಎಕ್ಸ್ ಆಗಿಯೇ ತೆರೆಯುತ್ತದೆ, ಫೈಲ್ ಮೆನುವಿನಲ್ಲಿ ಸೇವ್ ಆ್ಯಸ್ ಗೂಗಲ್ ಡಾಕ್ಸ್ ಕೊಟ್ಟರೆ ಮಾತ್ರ ಬೇರೆ ಪ್ರತಿಯಾಗುತ್ತದೆ. ಆಗ ಎರಡು ಪ್ರತಿ. ಯಾವುದರಲ್ಲಿ ತಿದ್ದುತ್ತಿದ್ದೇವೆಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು.

ಬರೀ ಪಠ್ಯವಾಗಿ ಒಂದು ಪ್ರತಿ ಇಡುವುದೂ ಒಳ್ಳೆಯದು. ಟೆಕ್ಸ್ಟ್ – ಚೂಸ್ ಎನ್‌ಕೋಡಿಂಗ್ ಆರಿಸಿ, ಸಂಕೇತದಲ್ಲಿ ಯುಟಿಎಫ್-8 (ಯೂನಿಕೋಡನ್ನು ಬರೆದಿಡುವ ರೀತಿ) ಇದೆಯೇ ಎಂದು ನೋಡಿ ಸೇವ್ ಮಾಡಿ. ಲಿಬ್ರೆಆಫೀಸಿನ ಪಿಡಿಎಫ್ ಎಕ್ಸ್‌ಪೋರ್ಟ್ ಪುಟದಲ್ಲಿ ಹೈಬ್ರಿಡ್ ಪಿಡಿಎಫ್ ಎಂಬ ಗುರುತು ಇದೆ. ಅದನ್ನು ಹಾಕಿದರೆ ಪಿಡಿಎಫ್‌ನೊಳಗೇ ಓಡಿಟಿಯೂ ಅಡಗಿರುತ್ತದೆ. ಓದುವವರಿಗೆ ಅದು ಪಿಡಿಎಫ್, ಲಿಬ್ರೆಆಫೀಸಿನಲ್ಲಿ ತೆರೆದವರಿಗೆ ತಿದ್ದಬಹುದಾದ ಫೈಲು. ಬರೀ ಪಿಡಿಎಫ್ ಒಂದನ್ನೇ ಇಟ್ಟುಕೊಂಡು ಮುಂದೆ ಅದರಿಂದ ಕಾಪಿ ಮಾಡಿಕೊಳ್ಳೋಣ ಎಂದುಕೊಳ್ಳಬೇಡಿ. ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಒತ್ತಕ್ಷರ, ಗುಣಿತಗಳ ಕ್ರಮ ಅಡಿಮೇಲಾಗಿ ಬರುವುದೇ ಹೆಚ್ಚು.

ಮುದ್ರಣಕ್ಕೆ ಕೊಡುವಾಗ

ಇಷ್ಟೆಲ್ಲ ಮಾಡಿ ಯೂನಿಕೋಡ್ ಫೈಲು ಒಯ್ದರೆ, ಡಿಟಿಪಿಯವರು ‘ಸರ್, ನುಡಿಯಲ್ಲೇ ಕೊಡಿ’ ಎನ್ನುವ ಸಾಧ್ಯತೆ ಇದೆ. ನಗಬೇಡಿ, ಅವರಿಗೂ ಕಾರಣ ಇದೆ. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅವರಲ್ಲಿ ಅದೇ ಕೆಲಸದ ಹೊಸ ತಂತ್ರಾಂಶ ಇನ್‌ಡಿಸೈನ್ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಯೂನಿಕೋಡ್ ಫೈಲೇ ನಡೆಯುತ್ತದೆ. ಪ್ಯಾರಾಗ್ರಾಫ್ ಪಟ್ಟಿಯಲ್ಲಿ ಅಡೋಬ್ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದ್ದರೆ ಸಾಕು. ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ, ‘ಕನ್ನಡ’ ಎಂಬುದು ‘ಕನ್‌ನಡ’ ಎಂಬಂತೆ ಕೂರುತ್ತದೆ.

ಪೇಜ್‌ಮೇಕರೇ ಇರುವುದಾದರೆ ಯೂನಿಕೋಡಿನಿಂದ ಆಸ್ಕಿಗೆ ತಿರುಗಿಸಿದ ಒಂದು ನಕಲು ಕೊಡಿ. ಅವರ ಬಳಿ ಆಗುವ ಕರಡು ತಿದ್ದುಪಡಿಗಳನ್ನು ಅದೇ ದಿನ ನಿಮ್ಮ ಓಡಿಟಿಯಲ್ಲೂ ಹಾಕಿಕೊಳ್ಳುತ್ತ ಹೋಗಿ. ಇಲ್ಲದಿದ್ದರೆ ಪುಸ್ತಕದಲ್ಲಿ ಸರಿಯಾಗಿರುವ ಹೆಸರು ನಿಮ್ಮ ಫೈಲಿನಲ್ಲಿ ತಪ್ಪಾಗಿಯೇ ಉಳಿದಿರುತ್ತದೆ, ಎರಡನೆಯ ಮುದ್ರಣದ ಹೊತ್ತಿಗೆ ಸರಿಯಾದ ಪ್ರತಿ ಇರುವುದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ.